1841ಕ್ಕಿಂತ ಹಿಂದಿನ ಬ್ರಿಟಿಷ್ ಜನಗಣತಿಯಲ್ಲಿ ಹೆಸರು ಹುಡುಕೋದು ಹೇಗೆ?

ಬ್ರಿಟನ್ನಿನ ಮೊದಲ ಜನಗಣತಿ ನಡೆದಿದ್ದು 1801ರ ಮಾರ್ಚ್ 10ರಂದು. ಆದರೆ 1801ರಿಂದ 1831ರವರೆಗಿನ ನಾಲ್ಕು ಗಣತಿಗಳಲ್ಲಿ ಸರ್ಕಾರ ಕೇಳಿದ್ದು ಬರೀ ಲೆಕ್ಕ: ಎಷ್ಟು ಮನೆ, ಎಷ್ಟು ಗಂಡಸರು, ಎಷ್ಟು ಹೆಂಗಸರು. 1841ರ ಗಣತಿವರೆಗೆ ಎಲ್ಲರ ಹೆಸರು ಯಾರಿಗೂ ಬೇಕಿರಲಿಲ್ಲ.

ಹಾಗಂತ ಕೈಚೆಲ್ಲಬೇಡಿ. ಇಂಗ್ಲೆಂಡಿನಲ್ಲಿ ಎಣಿಸುವ ಕೆಲಸ ಹೆಚ್ಚಾಗಿ ಪ್ಯಾರಿಷ್‌ನ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶದ) ಬಡವರ ನೆರವು ನೋಡಿಕೊಳ್ಳುವ ಓವರ್‌ಸಿಯರ್‌ಗಳದ್ದು, ಸ್ಕಾಟ್ಲೆಂಡಿನಲ್ಲಿ ಶಾಲೆ ಮೇಷ್ಟ್ರದ್ದು. ಅವರಲ್ಲಿ ಕೆಲವರು ಲೆಕ್ಕ ತಪ್ಪಬಾರದು ಅಂತ ಮನೆ ಯಜಮಾನರ ಹೆಸರನ್ನೂ ಬರೆದುಕೊಂಡರು, ಆ ಪಟ್ಟಿ ಚರ್ಚಿನ ಪೆಟ್ಟಿಗೆಯಲ್ಲೇ ಉಳೀತು, ನಮ್ಮ ಅದೃಷ್ಟ. ಇವತ್ತು ಅವು ಸಾಮಾನ್ಯವಾಗಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ರೆಕಾರ್ಡ್ ಆಫೀಸಿನಲ್ಲಿರುತ್ತವೆ.

ಮೊದಲು ಪ್ಯಾರಿಷ್ ಯಾವುದು ಅಂತ ಪಕ್ಕಾ ಮಾಡಿಕೊಳ್ಳಿ. ಆಮೇಲೆ ಆ ಕೌಂಟಿಯ ಕ್ಯಾಟಲಾಗ್‌ನಲ್ಲಿ, ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹವಾದ ನ್ಯಾಷನಲ್ ಆರ್ಕೈವ್ಸ್‌ನ ಡಿಸ್ಕವರಿ ಅನ್ನೋ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಪ್ಯಾರಿಷ್ ಹೆಸರಿನ ಜೊತೆ ವರ್ಷ ಹಾಕಿ ಹುಡುಕಿ. 'ಸೆನ್ಸಸ್' ಅಂತಷ್ಟೇ ಹಾಕಿದರೆ ಸಾಲದು, 'ಓವರ್‌ಸಿಯರ್ಸ್', 'ಇನ್‌ಹ್ಯಾಬಿಟೆಂಟ್ಸ್' (ನಿವಾಸಿಗಳು) ಅಂತಲೂ ಹಾಕಿ ನೋಡಿ.

ಸಿಕ್ಕರೂ ಹೆಂಡತಿ ಮಕ್ಕಳು ಬರೀ ಅಂಕಿಗಳಾಗಿರೋದೇ ಜಾಸ್ತಿ. ಅದನ್ನು ಚರ್ಚಿನ ಬ್ಯಾಪ್ಟಿಸಮ್ (ದೀಕ್ಷಾಸ್ನಾನ) ದಾಖಲೆ ಜೊತೆ, 1841ರ ಗಣತಿ ಜೊತೆ ಹೋಲಿಸಿ. ಅಲ್ಲೂ ಒಂದು ಕಿತಾಪತಿ ಇದೆ: 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿದ್ದಾರೆ, 39 ಇದ್ದವರು 35 ಆಗಿರ್ತಾರೆ.