ಹಳೆ ಸ್ಪೋರ್ಟ್ಸ್ ಕಾರಿಗೆ ಬೇರೆ ಸ್ಟಿಯರಿಂಗ್: ಮೊದಲು ಬಾಸ್, ಆಮೇಲೆ ಚಕ್ರ

ನನ್ನದು ಸ್ಯಾನ್ ಸ್ಟಾರ್ಮ್. ಗೋವಾದಲ್ಲಿ ತಯಾರಾಗುತ್ತಿದ್ದ, ಫೈಬರ್ ಬಾಡಿಯ, ರೆನೋದ 1149 ಸಿಸಿ ಎಂಜಿನ್ ಇರುವ ಎರಡು ಸೀಟಿನ ಗಾಡಿ. ಬೆಳಗಾವಿಯಲ್ಲಿ ಎಲ್ಲಿ ನಿಲ್ಲಿಸಿದರೂ ಯಾರಾದರೂ ಬಂದು "ಇದ್ಯಾವ ಗಾಡಿ ರೀ?" ಎಂದು ಕೇಳುತ್ತಾರೆ. ಅದರ ಸ್ಟಿಯರಿಂಗ್ ಕೈಗೆ ಅಂಟತೊಡಗಿತ್ತು, ಬದಲಾಯಿಸೋಣ ಎಂದು ಹೊರಟೆ. ಅರ್ಧ ದಿನದ ಕೆಲಸಕ್ಕೆ ಮೂರು ವಾರ ಹಿಡಿಯಿತು. ತಪ್ಪು ನನ್ನದೇ. ಚಂದ ಕಂಡಿತೆಂದು ಸ್ಟಿಯರಿಂಗ್ ಚಕ್ರ ಮೊದಲು ಕೊಂಡೆ, ಅದನ್ನು ಸ್ಟಿಯರಿಂಗ್ ಕಾಲಮ್ಮಿನ ಮೇಲೆ ಕೂರಿಸುವ ನಡುವಿನ ಲೋಹದ ತುಂಡು, ಅಂದರೆ ಬಾಸ್, ಆಮೇಲೆ ಹುಡುಕಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಗಾಡಿಯ ಸ್ಟಿಯರಿಂಗ್‌ನಲ್ಲಿ ಏರ್‌ಬ್ಯಾಗ್ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಬಾಸ್. ಕಾಲಮ್ಮಿನ ತುದಿಯಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ, ಅದೇ ಸ್ಪ್ಲೈನ್. ಹಲ್ಲಿನ ಸಂಖ್ಯೆ, ಶಾಫ್ಟಿನ ದಪ್ಪ, ಅದು ನೇರವೋ ಟೇಪರೋ (ತುದಿಗೆ ಹೋದಂತೆ ಸಣ್ಣಗಾಗುವುದೋ), ಇಷ್ಟೂ ಬಾಸ್‌ಗೆ ಸರಿಯಾಗಿ ಹೊಂದಬೇಕು. "ಹತ್ತಿರ ಹತ್ತಿರ ಕೂರುತ್ತೆ" ಅನ್ನುವುದು ಇಲ್ಲಿ ನಡೆಯಲ್ಲ. ರೆಡಿ ಕಿಟ್ ಸಿಗದಿದ್ದರೆ ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗ ಇದೆಯಲ್ಲ, ಅಲ್ಲಿ ಲೇತ್ ಮತ್ತು ವೈರ್‌ಕಟ್ ಎರಡೂ ಗೊತ್ತಿರುವ ಶಾಪ್ ಹಿಡಿಯಿರಿ, ಹಳೆ ಚಕ್ರವನ್ನೇ ಸ್ಯಾಂಪಲ್ ಆಗಿ ಕೊಟ್ಟು ಗಟ್ಟಿ ಸ್ಟೀಲ್ ತುಂಡಿನಲ್ಲಿ ಮಾಡಿಸಿ. ಹಳೆ ಚಕ್ರದ ನಡುಭಾಗ ಕತ್ತರಿಸಿ ಪ್ಲೇಟ್ ವೆಲ್ಡ್ ಮಾಡಿಕೊಡುತ್ತೇನೆ ಅನ್ನುವವರೂ ಸಿಗುತ್ತಾರೆ. ಬೇಡ. ಆ ವೆಲ್ಡಿಂಗ್ ಘಾಟಿನ ತಿರುವಿನಲ್ಲಿ ಬಿಟ್ಟರೆ ಗತಿ ಏನು?

ಚಕ್ರದ ಬೋಲ್ಟ್ ತೂತುಗಳಲ್ಲೂ ಎರಡು ಪಂಗಡ. ಮೋಮೋ, ಸ್ಪಾರ್ಕೋ, ಓಎಂಪಿ ಚಕ್ರಗಳಲ್ಲಿ ಸಾಮಾನ್ಯವಾಗಿ ಆರು ತೂತು, 70 ಮಿಮೀ ವ್ಯಾಸದ ವೃತ್ತದಲ್ಲಿ. ನಾರ್ಡಿ, ಪರ್ಸನಲ್ ಕಂಪನಿಯದ್ದಾದರೆ 74. ನಾಲ್ಕೇ ಮಿಮೀ, ಕಣ್ಣಿಗೆ ಗೊತ್ತಾಗಲ್ಲ. ನಾನು ತಂದದ್ದು 70ರ ಬಾಸ್, ಚಕ್ರ 74ರದ್ದು. ತೂತನ್ನು ಫೈಲ್ ಹಾಕಿ ಉದ್ದ ಮಾಡಿಕೊಳ್ಳಿ ಎಂದು ಅಂಗಡಿಯವನೇ ಹೇಳಿದ! ಅಂಥ ಸಲಹೆ ಕೇಳಬೇಡಿ. ಬಾಸ್ ಬದಲಾಯಿಸಿ.

ಅಳತೆ ಬಗ್ಗೆ: 350 ಮಿಮೀ ಜಾಸ್ತಿ ಜನ ಹಾಕುವುದು. 380ರಿಂದ 350ಕ್ಕೆ ಇಳಿದರೆ ಕೈಗೆ ಸುಮಾರು ಶೇ. 9ರಷ್ಟು ಜಾಸ್ತಿ ಬಲ ಬೇಕು. ಪವರ್ ಸ್ಟಿಯರಿಂಗ್ ಇಲ್ಲದ ಗಾಡಿಯನ್ನು ಖಡೇಬಜಾರ್‌ನ ಸಂದಿಯಲ್ಲಿ ಪಾರ್ಕ್ ಮಾಡುವಾಗ ಅದು ತೋಳಿಗೆ ಗೊತ್ತಾಗುತ್ತದೆ. ಇನ್ನೂ ಸಣ್ಣದು ಹಾಕಿದರೆ ಸ್ಪೀಡೋಮೀಟರ್ ಮರೆಯಾಗಬಹುದು. ರಟ್ಟಿನಲ್ಲಿ ಅದೇ ಅಳತೆಯ ಬಳೆ ಕತ್ತರಿಸಿ, ಸೀಟಿನಲ್ಲಿ ಕೂತು ಹಿಡಿದು ನೋಡಿ, ಪುಕ್ಕಟೆ ಪರೀಕ್ಷೆ. ಟಾಪ್ ತೆಗೆದು ಓಡಿಸುವ ಗಾಡಿಗೆ ನಮ್ಮೂರ ಮಳೆಯಲ್ಲಿ ಸ್ವೀಡ್ ಚಕ್ರ ಸುಮ್ನೆ ದಂಡ. ಲೆದರ್ ಸಾಕು.

ಬಿಚ್ಚುವ ಮೊದಲು ಗಾಡಿಯನ್ನು ನೇರವಾಗಿ ಓಡಿಸಿ ತಂದು ನಿಲ್ಲಿಸಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಹಾರ್ನ್ ಪ್ಯಾಡ್ ಎತ್ತಿ, ಶಾಫ್ಟ್ ಮತ್ತು ಚಕ್ರ ಎರಡರ ಮೇಲೂ ಒಂದೇ ಗೆರೆ ಬೀಳುವಂತೆ ಪೇಂಟ್ ಗುರುತು ಹಾಕಿ. ನಟ್ ಸಡಿಲಿಸಿ, ಆದರೆ ಪೂರ್ತಿ ತೆಗೆಯಬೇಡಿ, ಎರಡು ಮೂರು ಸುತ್ತು ಹಾಗೇ ಇರಲಿ. ಎರಡೂ ಕೈಯಲ್ಲಿ ಅಲ್ಲಾಡಿಸುತ್ತಾ ಎಳೆಯುವಾಗ ಚಕ್ರ ಒಮ್ಮೆಲೆ ಬಿಟ್ಟುಕೊಂಡರೆ ನೇರ ನಿಮ್ಮ ಮುಖಕ್ಕೇ ಬರುತ್ತದೆ, ನಟ್ ಇದ್ದರೆ ಅಲ್ಲೇ ತಡೆಯುತ್ತದೆ. ಬರಲಿಲ್ಲವಾ, ಚಕ್ರ ಎಳೆದು ತೆಗೆಯುವ ಪುಲ್ಲರ್ ತನ್ನಿ. ಶಾಫ್ಟಿನ ತುದಿಗೆ ಸುತ್ತಿಗೆ ಏಟು ಹಾಕಬೇಡಿ, ಕಾಲಮ್ಮಿನ ಬೇರಿಂಗ್ ಹಾಳಾಗುತ್ತದೆ.

ಬಾಸ್ ಕೂರಿಸುವಾಗ ಅದರ ಹಿಂಬದಿಯ ಕಚ್ಚನ್ನು ನೋಡಿ, ಇಂಡಿಕೇಟರ್ ತಾನೇ ಆಫ್ ಆಗಲು ಅದು ಸ್ವಿಚ್‌ನ ಕ್ಯಾಮ್ ಜೊತೆ ಹೊಂದಬೇಕು. ಹಾರ್ನ್ ಸರ್ಕ್ಯೂಟ್ ಸರಳ. ಹೆಚ್ಚಿನ ಹಳೆ ಗಾಡಿಗಳಲ್ಲಿ ಬಟನ್ ಒತ್ತಿದಾಗ ಒಂದು ವೈರ್ ಅರ್ಥ್ ಆಗುತ್ತದೆ, ಅಷ್ಟೇ. ಹೊಸ ಬಟನ್‌ಗೆ ಎರಡು ಕಾಲಿದ್ದರೆ ಒಂದಕ್ಕೆ ಆ ವೈರ್, ಇನ್ನೊಂದು ಬಾಸ್‌ನ ಲೋಹಕ್ಕೆ. ಹಾರ್ನ್ ಕಾನೂನಿಗೂ ಬೇಕು, ಹಾಗಾಗಿ ಅದನ್ನು "ಆಮೇಲೆ ನೋಡೋಣ" ಎಂದು ಬಿಡಬೇಡಿ.

ನಡುವಿನ ನಟ್ ಅನ್ನು ಗಾಡಿಯ ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್‌ಗೆ ಬಿಗಿಯಿರಿ. ಆರು ಎಂ5 ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ. ಒಂದೊಂದಕ್ಕೂ ಒಂದು ಹನಿ ನೀಲಿ ಥ್ರೆಡ್‌ಲಾಕ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು). ಉದ್ದನೆ ಪಾನಾ ಹಾಕಿ ಜೋರು ಮಾಡಿದರೆ ಅಲ್ಯೂಮಿನಿಯಂ ಬಾಸ್‌ನ ಥ್ರೆಡ್ ಕಿತ್ತು ಬರುತ್ತದೆ.

ಚಕ್ರ ಸ್ವಲ್ಪ ಓರೆ ಕೂತಿತಾ? 36 ಹಲ್ಲಿನ ಸ್ಪ್ಲೈನ್ ಆದರೆ ಒಂದು ಹಲ್ಲು ಅಂದರೆ 10 ಡಿಗ್ರಿ. ಅದಕ್ಕಿಂತ ಕಡಿಮೆ ಓರೆ ಹಲ್ಲು ಬದಲಿಸಿದರೆ ಹೋಗಲ್ಲ, ಅಲೈನ್‌ಮೆಂಟ್ ಅಂಗಡಿಯಲ್ಲಿ ಎರಡೂ ಟೈ ರಾಡ್ (ಸ್ಟಿಯರಿಂಗ್‌ನಿಂದ ಮುಂದಿನ ಗಾಲಿಗಳಿಗೆ ಹೋಗುವ ಸರಳು) ಹೊಂದಿಸಿ ಸರಿ ಮಾಡಿಸಿ.

ಕೊನೆಗೆ ನಿಂತಲ್ಲೇ ಆ ತುದಿಯಿಂದ ಈ ತುದಿಗೆ ಪೂರ್ತಿ ತಿರುಗಿಸಿ, ವೈರ್ ಸುತ್ತಿಕೊಳ್ಳುತ್ತದೆಯೇ ಎಂದು ನೋಡಿ. ಚಕ್ರವನ್ನು ಜೋರಾಗಿ ಎಳೆದು, ತಳ್ಳಿ. ಆಮೇಲೆ ಕ್ಯಾಂಪ್‌ನ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು, ಮನೆಗೆ ಬಂದು ಬೋಲ್ಟ್ ಮತ್ತೆ ಮುಟ್ಟಿ ನೋಡುವುದು. ಜಾಂಬೋಟಿ ದಾಟಿ ಚೋರ್ಲಾ ಘಾಟ್‌ಗೆ ನಾನು ಹೋದದ್ದು ಒಂದು ವಾರ ಬಿಟ್ಟು, ಅಲೆನ್ ಕೀ ಜೇಬಿನಲ್ಲೇ ಇಟ್ಟುಕೊಂಡು.