ಮಡಿಕೇರಿ ಬಿಟ್ಟು ಕರಾವಳಿಯಲ್ಲಿ ಮನೆ ಹುಡುಕಿದ್ದು

ನನ್ನ ಹೆಂಡತಿಗೆ ಮಂಡಿನೋವು. ಮಡಿಕೇರಿಯ ಚಳಿ ಅವಳಿಗೆ ಆಗುತ್ತಿರಲಿಲ್ಲ. ಮಳೆಗಾಲದ ಥಂಡಿಯಂತೂ ಇನ್ನೂ ಕಷ್ಟ. ನಾನು ರಿಟೈರ್ ಆದ ಮೇಲೆ ಬೆಚ್ಚಗಿನ ಊರಿಗೆ ಹೋಗುವುದು ಅಂತ ಇಬ್ಬರೂ ತೀರ್ಮಾನ ಮಾಡಿದೆವು.

ಹೆಚ್ಚಿನವರು ಹೇಳಿದ್ದು ಮೈಸೂರು. ಹತ್ತಿರದ ಊರು, ನೆಂಟರೂ ಇದ್ದಾರೆ. ನಾನು ಎತ್ತರ ನೋಡಿದೆ. ಸಾವಿರ ಮೀಟರ್ ಕೆಳಗಿಳಿದರೆ ಸುಮಾರು ಆರು ಡಿಗ್ರಿ ಬಿಸಿ ಏರುತ್ತದೆ. ಮಡಿಕೇರಿ 1,100 ಮೀಟರಿಗಿಂತ ಮೇಲಿದೆ, ಮೈಸೂರು 750ರ ಆಸುಪಾಸು. ಡಿಸೆಂಬರ್ ಬೆಳಗ್ಗೆ ಅಲ್ಲೂ ಸ್ವೆಟರ್ ಬೇಕೇ ಬೇಕು. ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಮಳೆ ಅಲ್ಲೂ ಧಾರಾಳ, ಆದರೆ ಮೈ ಕೊರೆಯುವ ಮಳೆ ಅಲ್ಲ. ಮಗಳ ಕೆಲಸವೂ ಅಲ್ಲೇ. ಮಂಗಳೂರೇ ಸರಿ ಅನ್ನಿಸಿತು.

ಡಿಸೆಂಬರಿನಲ್ಲಿ ಬಂದು ನೋಡಿ, ಹವೆ ಚೆನ್ನಾಗಿರುತ್ತೆ ಅಂದರು ಬ್ರೋಕರ್. ನಾವು ಬೇಕೆಂದೇ ಏಪ್ರಿಲ್‌ನಲ್ಲಿ ಹೋದೆವು. ಊರು ಅತಿ ಕಷ್ಟ ಕೊಡುವ ತಿಂಗಳಲ್ಲಿ ಅಲ್ಲಿ ಇರಲು ಆಗುತ್ತಾ ಅನ್ನುವುದೇ ನಮಗೆ ಮುಖ್ಯವಾಗಿತ್ತು. ಮೊಬೈಲಿನಲ್ಲಿ 34 ಡಿಗ್ರಿ ಅಂತ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಈ ಸೆಕೆಯನ್ನು ಅಲ್ಲೇ ಕೂತು ನೋಡಬೇಕು.

ಪುತ್ತೂರಿನಲ್ಲೂ ಮನೆ ನೋಡಿದೆವು. ಬೆಲೆ ಕಡಿಮೆ, ಊರೂ ಇಷ್ಟವಾಯಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಏಳುವ ಗಾಳಿಯ ಸುಖ ಅಷ್ಟು ಒಳಗೆ ಸಿಗುವುದಿಲ್ಲ.

ಮಂಗಳೂರಿನಲ್ಲಿ ಪ್ರತಿ ಮನೆಯನ್ನೂ ಮಧ್ಯಾಹ್ನ ಮೂರರ ಮೇಲೆ ನೋಡಿದೆವು. ಫ್ಯಾನ್ ಆರಿಸಿ ಅಂತ ಹೇಳಿ ಸುಮ್ನೆ ಸ್ವಲ್ಪ ಹೊತ್ತು ಕೂರುವುದು. ಒಂದು ಫ್ಲಾಟು ನೋಡಲು ಬಹಳ ಚೆಂದ, ಮೇಲಿನ ಮಹಡಿ, ಬಾಲ್ಕನಿಯಿಂದ ಸಮುದ್ರ ಕಾಣುತ್ತದೆ. ಮಲಗುವ ಕೋಣೆಯ ಪಶ್ಚಿಮದ ಗೋಡೆಗೆ ಒಳಗಿನಿಂದಲೇ ಅಂಗೈ ಇಟ್ಟರೆ ಕಾದ ಕಾವಲಿ. ಸಂಜೆಯವರೆಗೆ ಕುಡಿದ ಬಿಸಿಲನ್ನು ಆ ಗೋಡೆ ರಾತ್ರಿಯೆಲ್ಲ ಒಳಗೆ ಬಿಡುತ್ತದೆ. ಕಿಟಕಿಯ ಸರಳುಗಳಲ್ಲಿ ಪೇಂಟ್ ಎದ್ದು ತುಕ್ಕು ಕಾಣುತ್ತಿತ್ತು. ಕಡಲ ಉಪ್ಪುಗಾಳಿಗೆ ಕಬ್ಬಿಣ ನಿಲ್ಲುವುದಿಲ್ಲ.

ನೀರಿನ ವಿಷಯಕ್ಕೆ ನಾವು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಟ್ಟೆವು. ನಗರಕ್ಕೆ ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನ ನೀರು. ಮಳೆ ತಡವಾದರೆ ಅದೂ ಕಡಿಮೆಯಾಗುತ್ತದೆ. 2019ರ ಬೇಸಿಗೆಯಲ್ಲಿ ನೀರನ್ನು ಸರದಿಯಲ್ಲಿ ಬಿಟ್ಟಿದ್ದರು. ಹಾಗಾಗಿ ಸ್ವಂತ ಬಾವಿ ಬೇಕು, ಅದೂ ಮೇ ತಿಂಗಳಲ್ಲಿ ಸಿಹಿನೀರು ಕೊಡುವ ಬಾವಿ. ಕೂಳೂರಿನ ಕಡೆ, ಹೊಳೆಯ ಹತ್ತಿರ, ಒಂದು ಮನೆ ಮೆಚ್ಚಿಗೆಯಾಗಿತ್ತು. ಮನೆಯವರು ನೀರಿಗೆ ತೊಂದರೆಯೇ ಇಲ್ಲ ಅಂದರು. ನನ್ನ ಹೆಂಡತಿ ಪಕ್ಕದ ಮನೆಯ ಅಂಗಳಕ್ಕೆ ಹೋಗಿ, "ಅಮ್ಮಾ, ಬಾವಿ ನೀರು ಹೇಗೆ?" ಅಂತ ಕೇಳಿದಳು.

"ಮಳೆಗಾಲದಲ್ಲಿ ಒಳ್ಳೆದುಂಟು. ಮಾರ್ಚ್ ಕಳೆದ ಮೇಲೆ ಕುಡಿಯಲಿಕ್ಕೆ ಆಗುದಿಲ್ಲ ಮಾರಾಯ್ರೆ, ಉಪ್ಪು" ಅಂದರು ಆಕೆ. ಹೊಳೆಯಲ್ಲಿ ಸಿಹಿನೀರು ಇಳಿದಾಗ ಸಮುದ್ರದ ನೀರು ಮೇಲಕ್ಕೆ ನುಗ್ಗುತ್ತದೆ, ಹತ್ತಿರದ ಬಾವಿಗಳಿಗೂ ಸೇರುತ್ತದೆ. ನಾನು ಒಂದು ಗುಟುಕು ಕುಡಿದು ನೋಡಿದೆ. ಸೋಪು ಉಜ್ಜಿದರೆ ನೊರೆಯೂ ಸರಿಯಾಗಿ ಬರಲಿಲ್ಲ. ಆ ಮನೆ ಬಿಟ್ಟೆವು.

ಕೊನೆಗೆ ಕಾವೂರಿನ ಕಡೆ ಹಳೆಯ ಹೆಂಚಿನ ಮನೆಯೊಂದು ಬಾಡಿಗೆಗೆ ಸಿಕ್ಕಿತು. ಕೆಂಪುಕಲ್ಲಿನ ಗೋಡೆ, ಎತ್ತರದ ಮಾಡು, ಪಶ್ಚಿಮಕ್ಕೆ ಎರಡು ಹಲಸಿನ ಮರದ ನೆರಳು. ಬಿಸಿಗಾಳಿ ಮೇಲೇರಿ ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ. ಬಾವಿಯಲ್ಲಿ ಏಪ್ರಿಲ್ ಕೊನೆಗೂ ಆಳೆತ್ತರದ ನೀರಿತ್ತು, ಸಿಹಿ. ಆಸ್ಪತ್ರೆಗೆ ಆಟೋದಲ್ಲಿ ಹೋಗಿಬರಬಹುದು.

ಹೊರಡುವ ಮುಂಚೆ ಡಾಕ್ಟರ ಹತ್ತಿರ ನನ್ನ ಬಿಪಿ ಮಾತ್ರೆಯ ಬಗ್ಗೆ ಕೇಳಿಕೊಂಡೆ. ಕೆಲವು ಬಿಪಿ ಮಾತ್ರೆಗಳು ಮೈಯ ನೀರನ್ನು ಹೊರಹಾಕುತ್ತವೆ, ಬೆವರುವ ಊರಿನಲ್ಲಿ ಅದು ಗಮನಿಸಬೇಕಾದ ವಿಷಯ. ವಯಸ್ಸಾದವರು ಇದನ್ನು ದಯವಿಟ್ಟು ಮರೆಯಬೇಡಿ.

ಮಡಿಕೇರಿ ಮನೆಗೆ ಗಿರಾಕಿ ಬಂದಿದ್ದರೂ ಆಗಲೇ ಮಾರಲಿಲ್ಲ. ಇಲ್ಲಿ ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಇದ್ದು ನೋಡಿದೆವು. ಅವಳು ಕೋಲು ಹಿಡಿಯದೆ ಬಾವಿಕಟ್ಟೆಯವರೆಗೆ ನಡೆಯತೊಡಗಿದ ಮೇಲೆಯೇ ಮಾರಾಟದ ಮಾತು ಎತ್ತಿದ್ದು.