ಬಾರಾತ್ ಕುದುರೆಯನ್ನು ಹೊಲದ ದಾರಿಗೆ ಹೊಂದಿಸಿದ ಬಗೆ

ಮದುವೆಯ ಬಾರಾತಿನಲ್ಲಿ, ಎಂದರೆ ವರನ ಮೆರವಣಿಗೆಯಲ್ಲಿ, ಕುಣಿದು ಪಳಗಿದ ಕುದುರೆಯು ಸಡಿಲ ಲಗಾಮಿನಲ್ಲಿ, ತಲೆ ತಗ್ಗಿಸಿ, ಹೊಲದ ದಾರಿಯಲ್ಲಿ ಸಾವಕಾಶವಾಗಿ ನಡೆಯುವುದು ಆಗದ ಮಾತೆಂದು ಬೀದರಿನಲ್ಲಿ ಕುದುರೆ ಸಾಕುವವರೆಲ್ಲ ನನಗೆ ಹೇಳಿದ್ದರು. ಈಗ ನನ್ನ ನುಕ್ರಾ (ಗುಲಾಬಿ ಚರ್ಮದ ಬಿಳಿ) ಹೆಣ್ಣು ಕುದುರೆ, ಹಿಂದೆಂದೂ ರಿಕಾಪಿನಲ್ಲಿ ಕಾಲಿಡದ ಬ್ಯಾಂಕ್ ನೌಕರರನ್ನೂ ಶಾಲೆಯ ಮಕ್ಕಳನ್ನೂ ಹೊತ್ತು ಅಷ್ಟೂರಿನ ಬಹಮನಿ ಗೋರಿಗಳ ಆಚೆಗೆ ಎರಡು ತಾಸು ಸುತ್ತಾಡಿಸಿ ತರುತ್ತಿದೆ. ಹೇಗೆ ಮಾಡಿದಿರೆಂದು ಆಗ ನಕ್ಕವರೇ ಕೇಳುತ್ತಿದ್ದಾರೆ. ಜೀನು ಬಿಗಿಯುವುದು, ಗೊರಸು ಕೆರೆಯುವುದು ಬಲ್ಲವರಿಗಾಗಿ ಇದನ್ನು ಬರೆದಿದ್ದೇನೆ.

ನಾಂದೇಡ ಜಿಲ್ಲೆಯ ಮಾಳೇಗಾಂವದ ಖಂಡೋಬಾ ಜಾತ್ರೆಯಲ್ಲಿ ಇದನ್ನು ಸುಮಾರು 75 ಸಾವಿರಕ್ಕೆ ತಂದೆ. ಬೀದರಿನ ವಾಯುಪಡೆಯ ತರಬೇತಿ ವಿಮಾನಗಳು ತಲೆಯ ಮೇಲೆ ಗುಡುಗಿ ಹೋದರೂ ಕಿವಿ ಅಲುಗಿಸದ ಈ ಕುದುರೆ, ಎಲ್ಲೋ ದೂರದ ಓಣಿಯಲ್ಲಿ ಹಲಗೆ ವಾದ್ಯ ಬಡಿದರೆ ಸಾಕು, ಎಡ ಮುಂಗಾಲನ್ನು ಮಡಿಸಿ ಎತ್ತಿ, ಒಂದು ಗಳಿಗೆ ಗಾಳಿಯಲ್ಲೇ ಹಿಡಿದು, ಇದ್ದಲ್ಲಿಯೇ ಇಳಿಸುತ್ತಿತ್ತು. ಹೆದರಿದ ಸವಾರ ಲಗಾಮು ಎಳೆದಷ್ಟೂ ಅದು ಹೆಚ್ಚು ಕುಣಿಯುತ್ತಿತ್ತು, ಏಕೆಂದರೆ ಅದಕ್ಕೆ ಕುಣಿತ ಕಲಿಸಿದ್ದೇ ಲಗಾಮು ಬಿಗಿಹಿಡಿದು, ಬಾಯೊಳಗೆ ಹಾಕುವ ಮುಳ್ಳಿನ ಕಡಿವಾಣದಿಂದ. ಪ್ರಾಣಿ ಹಿಂಸೆ ತಡೆಯುವ 1965ರ ನಿಯಮಗಳಲ್ಲಿಯೇ ಅಂಥ ಕಡಿವಾಣಕ್ಕೆ ನಿಷೇಧವಿದ್ದರೂ ಜಾತ್ರೆಗಳಲ್ಲಿ ಅದು ಇಂದಿಗೂ ಕಾಣಸಿಗುತ್ತದೆ.

ಮೊದಲು ಕಾನಪುರದ ನುಣುಪಾದ ಕಡಿವಾಣವೊಂದನ್ನು ಎರಡೂವರೆ ಸಾವಿರ ಕೊಟ್ಟು ತರಿಸಿದೆ, ಕುಣಿತ ನಿಲ್ಲಲಿಲ್ಲ. ಅನಂತರ ಒಬ್ಬ ಪಳಗಿಸುವವರಿಗೆ ಎಂಟು ಸಾವಿರ ಕೊಟ್ಟು ಒಂದು ತಿಂಗಳು ಒಪ್ಪಿಸಿದೆ. ಅವರು ಹಗ್ಗ ಕಟ್ಟಿ ಸುತ್ತು ಓಡಿಸಿ ದಣಿಸಿದರು; ಕುದುರೆ ಸಣ್ಣಗಾಗಿ ಮರಳಿ ಬಂದು, ನಾಲ್ಕು ದಿನ ಮೇವು ತಿಂದ ಮೇಲೆ ಮತ್ತೆ ಕುಣಿಯಿತು. ಕಿವಿಗೆ ಹತ್ತಿ ತುರುಕಿದಾಗ ಹಲಗೆಯ ಸದ್ದಿಗೆ ಸುಮ್ಮನಿದ್ದರೂ, ಹಿಂದಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರು ಅದಕ್ಕೆ ಪಕ್ಕಕ್ಕೆ ಬರುವವರೆಗೂ ತಿಳಿಯದೆ ಇಬ್ಬರೂ ಗಟಾರಕ್ಕೆ ಬೀಳುವುದರಲ್ಲಿದ್ದೆವು.

ಕಡೆಗೆ ಕಡಿವಾಣವನ್ನೇ ಬಿಟ್ಟೆ. ಹಳೆಯ ಬೀದರಿನಲ್ಲಿ ಚರ್ಮದ ಕೆಲಸ ಮಾಡುವವರೊಬ್ಬರಿಂದ ಮೂಗಿನ ಮೇಲೆ ಕೂಡುವ ಅಗಲವಾದ ಪಟ್ಟಿಯೊಂದನ್ನು ಹೊಲಿಸಿದೆ. ತಿದ್ದುಪಡಿಗಳೆಲ್ಲ ಸೇರಿ ಒಂಬೈನೂರು ರೂಪಾಯಿಯಾಗಿರಬೇಕು. ಬಾಯಿಗೆ ಏನೂ ತಾಗದ ಕಾರಣ ಎಳೆತಕ್ಕೂ ಕುಣಿತಕ್ಕೂ ಇದ್ದ ನಂಟು ಅಲ್ಲಿಗೆ ಕಡಿಯಿತು. ಮಳೆಗಾಲದ ಬಹುಪಾಲು ನಾನು ಏರಿ ಕೂರದೆ, ಅದರ ಭುಜದ ಪಕ್ಕದಲ್ಲಿ ನಡೆದೆ. "ಕಾಕಾ, ಕುದರಿ ಕೂಡಲಾಕ ತಗೊಂಡೀರೋ, ಮಾತಾಡಲಾಕ ತಗೊಂಡೀರೋ?" ಎಂದು ಹುಡುಗರು ಕೇಳುತ್ತಿದ್ದರು. ಆ ಹುಡುಗರಲ್ಲಿ ಹಲಗೆ ಬಡಿಯಬಲ್ಲ ಇಬ್ಬರನ್ನು ಸಂಜೆಗೆ ಇನ್ನೂರು ರೂಪಾಯಿಯಂತೆ ಗೊತ್ತುಮಾಡಿ, ಹೊಲದ ಆಚೆ ಬದಿಯಿಂದ ಬಡಿಸತೊಡಗಿದೆ. ನಾಲ್ಕೂ ಕಾಲು ನೆಲದ ಮೇಲಿದ್ದರೆ ಒಂದು ಹಿಡಿ ಹುರುಳಿ. ಕಾಲು ಎತ್ತಿದರೆ ಬುಟ್ಟಿ ಹಿಂದಕ್ಕೆ. ಬೈಯುವುದೂ ಇಲ್ಲ, ಎಳೆಯುವುದೂ ಇಲ್ಲ. ಹಲಗೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಹತ್ತಿರ ಬರುತ್ತಿತ್ತು. ದೀಪಾವಳಿಯ ಹೊತ್ತಿಗೆ ಮಗ್ಗುಲಲ್ಲೇ ಬಡಿದರೂ ಕುದುರೆ ಬುಟ್ಟಿಯನ್ನಷ್ಟೇ ನೋಡುತ್ತಿತ್ತು. ಕಾಲು ಏಳುವ ಮುನ್ನವೇ ಅದನ್ನು ತಡೆಯಲು ಕೈಯನ್ನು ಎಲ್ಲಿಡಬೇಕು, ಬಾಯಿಂದ ಯಾವ ಸದ್ದು ಮಾಡಬೇಕು ಎಂಬೆರಡನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಲಾಯಕ್ಕೆ ಬಂದವರಿಗೆ ತೋರಿಸಬಹುದು.

ಮೇವಿನಲ್ಲಿಯೂ ಒಂದು ಪ್ರಯೋಗ ಮಾಡಿದೆ. 1470ರ ಆಸುಪಾಸಿನಲ್ಲಿ ಕುದುರೆ ಮಾರಲು ಬೀದರಿಗೆ ಬಂದಿದ್ದ ರಷ್ಯಾದ ವರ್ತಕ ಅಫನಾಸಿ ನಿಕಿತಿನ್, ಇಲ್ಲಿ ಕುದುರೆಗಳಿಗೆ ಕಾಳು ಹಾಕುವುದನ್ನೂ ಸಕ್ಕರೆ, ಎಣ್ಣೆ ಬೆರೆಸಿದ ಕಿಚಡಿ ಬೇಯಿಸಿ ತಿನ್ನಿಸುವುದನ್ನೂ ಬರೆದಿಟ್ಟಿದ್ದಾನೆ. ಸುಲ್ತಾನರ ಕುದುರೆಗಳಿಗೆ ಒಗ್ಗಿದ ಆ ಕಿಚಡಿ ನನ್ನದಕ್ಕೆ ಒಗ್ಗಲಿಲ್ಲ. ಲದ್ದಿ ತೆಳ್ಳಗಾಯಿತು, ಔಷಧಕ್ಕೆ ಏಳೆಂಟು ನೂರು ಹೋಯಿತು. ನೆನೆಸಿದ ಹುರುಳಿ, ಬೂಸಾ ಮತ್ತು ಒಣ ಮೇವಿಗೇ ಮರಳಿದೆ. ಹಸಿ ಜೋಳಕ್ಕೆ ಬಾಯಿ ಹಾಕಲು ನಾನು ಎಂದೂ ಬಿಡುವುದಿಲ್ಲ.

ಇನ್ನು ನೆಲದ ವಿಷಯ. ಬೀದರಿನ ಎತ್ತರದ ಮೇಲಿನ ಕೆಂಪು ಮುರುಮು, ಅಂದರೆ ಗರಸು ಮಣ್ಣು, ಮಳೆ ನಿಂತ ಸ್ವಲ್ಪ ಹೊತ್ತಿನಲ್ಲೇ ಬಸಿದುಹೋಗುವುದರಿಂದ ಮಳೆಗಾಲದ ಸವಾರಿಯೆಲ್ಲ ಮೇಲೆಯೇ ಆಗಬೇಕು. ಕೆಳಗಿನ ಎರೆ, ಅಂದರೆ ಕಪ್ಪು ಮಣ್ಣು, ಆಗ ಗೊರಸಿನಡಿ ಗಡ್ಡೆ ಕಟ್ಟಿ ಲಾಳವನ್ನೇ ಕಿತ್ತುಕೊಳ್ಳುತ್ತದೆ. ಅದೇ ಎರೆ ಏಪ್ರಿಲ್ ವೇಳೆಗೆ ಗೊರಸು ಸಿಕ್ಕಿಕೊಳ್ಳುವಷ್ಟು ಬಾಯಿ ಬಿಡುತ್ತದೆ. ನಡುವಿನ ತಿಂಗಳುಗಳೇ ಎರೆ ಹೊಲದ ಸವಾರಿಗೆ ಹದವಾದ ಕಾಲ, ಆದರೆ ತೊಗರಿ ಕೊಯ್ದ ಹೊಲವನ್ನು ಅಡ್ಡಹಾಯಬಾರದು. ಓರೆಯಾಗಿ ಕೊಯ್ದ ಆ ಕೂಳೆ ಮೊಳೆಯಂತೆ ನಿಂತಿರುತ್ತದೆ. ಒಮ್ಮೆ ಗೊರಸಿನ ಮೇಲ್ಗಡೆ ಚುಚ್ಚಿ ಕುದುರೆ ಮೂರು ವಾರ ಕಟ್ಟಿದಲ್ಲೇ ನಿಂತಿತು. ಬಂಡಿಜಾಡು ಬಿಟ್ಟು ಇಳಿಯದಿರುವುದೇ ಒಳ್ಳೆಯದು. ನುಕ್ರಾದ ಗುಲಾಬಿ ಮೂತಿ ಬಿಸಿಲಿಗೆ ಸುಡುವುದರಿಂದ ಬೇಸಗೆಯಲ್ಲಿ ಎಂಟು ಗಂಟೆಯೊಳಗೆ ಲಾಯ ಸೇರಬೇಕು. ಜೀನಿನಡಿಗೆ ಪೇಟೆಯ ಸ್ಪಂಜಿನ ಗಾದಿ ಹಾಕಿದಾಗ ಬೆವರು ನಿಂತು ಬೆನ್ನು ಹುಣ್ಣಾಗಿತ್ತು. ಕುರುಬರ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದ ಮೇಲೆ ಆ ತೊಂದರೆಯೇ ಇಲ್ಲ.

ಲೆಕ್ಕ ಹೇಳುವುದಾದರೆ, ಮೇವಿಗೆ ತಿಂಗಳಿಗೆ ಏಳೆಂಟು ಸಾವಿರ, ಒಂದೂವರೆ ತಿಂಗಳಿಗೊಮ್ಮೆ ಲಾಳಕ್ಕೆ ಸಾವಿರದ ಇನ್ನೂರರಷ್ಟು. ಬಾರಾತಿಗೆ ಕಳಿಸಿದ್ದರೆ ಒಂದೇ ರಾತ್ರಿಗೆ ನಾಲ್ಕೈದು ಸಾವಿರ ಬರುತ್ತಿತ್ತು, ನಿಜ. ಆದರೆ ಅದು ಮುಹೂರ್ತವಿರುವ ತಿಂಗಳುಗಳ ಮಾತು. ನಾನು ಎರಡು ತಾಸಿಗೆ ಆರುನೂರು ತೆಗೆದುಕೊಳ್ಳುತ್ತೇನೆ, ಶನಿವಾರ, ಭಾನುವಾರ ಖಾಲಿ ಇರುವುದಿಲ್ಲ, ಕಳೆದ ವರ್ಷ ಖರ್ಚು ಕಳೆದು ಸ್ವಲ್ಪ ಉಳಿಯಿತು. ಈ ಸಲ ಮಾಳೇಗಾಂವದಿಂದ ಇನ್ನೊಂದನ್ನು ತಂದಿದ್ದೇನೆ. ಅದೂ ಬಾರಾತಿನದೇ, 60 ಸಾವಿರಕ್ಕೆ ಸಿಕ್ಕಿತು. ಹಲಗೆಯ ಹುಡುಗರು ಮಾತ್ರ ಈಗ ಸಂಜೆಗೆ ಮುನ್ನೂರು ಕೇಳುತ್ತಿದ್ದಾರೆ.